ಸ್ವಿಚ್ಚಿಗೊಂದು ಪ್ರಸ್ಥಾನ

ನಿಜಗುಣಪ್ಪ: ತೂತು ಅಂದ್ರ ತೂತ, ಇಸ್ಮಾಯಿಲಾ! ಇದು ಸಣ್ಣದು, ಇದು ದೊಡ್ಡದು ಅಂತ ನೀರು ಅಳತಿ ಮಾಡಿ ಒಳಗ ಬರೂದಿಲ್ಲ.

ಇಸ್ಮಾಯಿಲಸಾಬ: ಹಂಗಾರ ಸ್ವಿಚ್ಚಿಗೆ ಕೈ ಎಲ್ಲಿಂದ ಹಾಕ್ತೀ? ಒಳಗೊಂದು ಜಿನ್ನು ಕುಂಡ್ರಸ್ತೀ ಏನು? ‘ಚಾಲೂ ಮಾಡ್ಲೇನ್ರಿ ಸಾಹೇಬ್ರ’ ಅಂತ ಅದು ಒಳಗಿಂದ ಕೇಳಾಕ?

ನಿಜಗುಣಪ್ಪ: ಮೊದಲ ಚಾಲೂ ಮಾಡೂದು. ಆಮ್ಯಾಲ ಮುಚ್ಚೂದು.

ಇಸ್ಮಾಯಿಲಸಾಬ: ಮತ್ತ ಬಂದ್ ಮಾಡೂದು?

ನಿಜಗುಣಪ್ಪ: ಹಾರಿ ಬಂದ ಮ್ಯಾಲ ತಗದು ಬಂದ್ ಮಾಡೂದು. ಅದರಾಗೇನೈತಿ?

ಇಸ್ಮಾಯಿಲಸಾಬ: ಏನಿಲ್ಲ. ಎಂಟ ಸ್ಕ್ರೂ ಅದಾವ. ಸ್ಕ್ರೂ ಮ್ಯಾಲ ಸೈಕಲ್ ಟ್ಯೂಬಿನ ಪಟ್ಟಿ ಐತಿ. ಪಟ್ಟಿ ಮ್ಯಾಲ ಪಾವಶೇರ ಮೇಣ ಐತಿ. ನಮ್ಮಜ್ಜನ್ನ ಮಣ್ಣ ಮಾಡಿದಾಗನೂ ಇಷ್ಟು ಬಂದೋಬಸ್ತ್ ಇರಲಿಲ್ಲಪಾ.

ಅಂದು ಶನಿವಾರ, ಮುಂಜಾನೆ ಎಂಟರ ಹೊತ್ತು. ಸವದತ್ತಿಯ ಬಜಾರದಲ್ಲಿರುವ ಇಸ್ಮಾಯಿಲಸಾಬನ ರೇಡಿಯೋ ದುರಸ್ತಿ ಅಂಗಡಿಯ ಮೇಜಿನ ಮೇಲೆ ರೇಡಿಯೋಗಳನ್ನು ಪಕ್ಕಕ್ಕೆ ಸರಿಸಿ ಒಂದು ವಿಮಾನ ಮಲಗಿತ್ತು. ಎರಡು ಮೊಳದ ರೆಕ್ಕೆ, ಕೆಳಗೆ ಕಾಲಿನ ಜಾಗದಲ್ಲಿ ಎರಡು ಪುಟ್ಟ ಕಟ್ಟಿಗೆಯ ದೋಣಿ. ಅದು ನೀರಿನ ಮೇಲೆ ಓಡಿ, ಮೇಲೆ ಹಾರಿ, ಮತ್ತೆ ನೀರಿನ ಮೇಲೇ ಇಳಿಯಬೇಕು. ದಂಡೆಯ ಮೇಲೆ ನಿಂತವನು ಕೈಯಲ್ಲಿಯ ಡಬ್ಬಿಯ ಕೋಲನ್ನು ಅತ್ತ ಇತ್ತ ಮಾಡಿದರೆ, ರೇಡಿಯೋ ಮುಖಾಂತರ ಅದರ ಬಾಲದ ಚುಕ್ಕಾಣಿ ಅತ್ತ ಇತ್ತ ತಿರುಗಬೇಕು. ಡಬ್ಬಿಯ ಮಾತನ್ನು ಕೇಳುವ ಸೆಟ್ಟು ವಿಮಾನದ ಹೊಟ್ಟೆಯಲ್ಲಿತ್ತು. ಆ ಸೆಟ್ಟಿನ ಸ್ವಿಚ್ಚು ಎಲ್ಲಿರಬೇಕು ಎಂಬುದೇ ಎರಡು ತಿಂಗಳಿಂದ ನಡೆದಿದ್ದ ಈ ಮಹಾಯುದ್ಧ.

ನಿಜಗುಣಪ್ಪ ಹದಿನೈದು ವರ್ಷ ವಾಯುಸೇನೆಯಲ್ಲಿ ಫಿಟರ್ ಆಗಿದ್ದು, ನಾಲ್ಕು ವರ್ಷದ ಹಿಂದೆ ಪೆನ್ಶನ್ ತೆಗೆದುಕೊಂಡು ಊರಿಗೆ ಬಂದವನು. ಬಂದ ಮರುದಿನ, ಶಾಲೆಯ ಕಾಲದ ಗೆಳೆಯನನ್ನು ಎರಡು ನಿಮಿಷ ಮಾತನಾಡಿಸಿ ಹೋಗೋಣವೆಂದು ಇಸ್ಮಾಯಿಲಸಾಬನ ಅಂಗಡಿಯ ಬಾಕಿನ ಮೇಲೆ ಕೂತ. ಇನ್ನೂ ಎದ್ದಿಲ್ಲ.

ಆ ಬಾಕು ಗಿರಾಕಿಗಳಿಗೆಂದು ಮಾಡಿಸಿದ ಬೆಂಚು. ಈಗ ಅದರ ಮೇಲೆ ಗಿರಾಕಿ ಕೂರುವಂತಿಲ್ಲ, ಕೂತರೂ ಉಳಿಯುವಂತಿಲ್ಲ. ಯಾರಾದರೂ ಕೆಟ್ಟ ರೇಡಿಯೋ ಹೊತ್ತು ತಂದರೆ ಇಸ್ಮಾಯಿಲಸಾಬ ಕೈ ಒರೆಸಿಕೊಳ್ಳುವುದರೊಳಗೆ ನಿಜಗುಣಪ್ಪ ಅದಕ್ಕೆ ಕಿವಿಯಿಟ್ಟು, “ಇದರ ಆಯುಷ್ಯ ಮುಗದೈತ್ರಿ, ಕೋಳಿ ಕೂಡ್ಸಾಕ ಡಬ್ಬಿ ಚಲೋ ಆಗತೈತಿ” ಎಂದು ತೀರ್ಪು ಕೊಟ್ಟು ಕಳಿಸುತ್ತಿದ್ದ. ವಾಯುಸೇನೆಯ ಮನುಷ್ಯನ ಮಾತು, ಸುಳ್ಳಿರಲಿಕ್ಕಿಲ್ಲವೆಂದು ಜನ ರೇಡಿಯೋ ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಅದು ಅರ್ಧ ತಾಸಿನಲ್ಲಿ ಹಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಚೇರಮನ್ ಶಟ್ಟೆಪ್ಪನವರ ಹೈಸ್ಕೂಲಿನಲ್ಲಿ ಕೈಕೆಲಸದ ಮಾಸ್ತರರ ಜಾಗ ಖಾಲಿಯಾಯಿತು. ನಿಜಗುಣಪ್ಪ ಹೋಗಿ ಕೇಳಿದ. “ಕೈಕೆಲಸ ಬರತೈತಿ ಅಂತ ಬಾಯಿಲೆ ಹೇಳಬ್ಯಾಡ, ಕೈಲೆ ತೋರಸು” ಎಂದರು ಶಟ್ಟೆಪ್ಪನವರು. ನೀರಿನಿಂದ ವಿಮಾನ ಎಬ್ಬಿಸಿ ಮತ್ತೆ ನೀರಿನ ಮೇಲೆ ಇಳಿಸಿ ತೋರಿಸುತ್ತೇನೆಂದು ಇವನು ಮಾತು ಕೊಟ್ಟ. ಇಂದು ಹತ್ತು ಗಂಟೆಗೆ ಆಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಆ ಪರೀಕ್ಷೆ. ನೌಕರಿ ನಿಜಗುಣಪ್ಪನಿಗೆ ಸಿಗಲೆಂದು ನಿಜಗುಣಪ್ಪನಿಗಿಂತ ಹೆಚ್ಚು ಹಂಬಲಿಸಿದವನು ಇಸ್ಮಾಯಿಲಸಾಬ. ಗುರುವಾರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಿದ್ದ. ಗೆಳೆತನ ಅಂದರೆ ಹೀಗಿರಬೇಕೆಂದು ಬಜಾರವೆಲ್ಲ ಹೊಗಳಿತು. ಬಾಕಿನ ಸಂಕಟ ಬಜಾರಕ್ಕೆ ಗೊತ್ತಿರಲಿಲ್ಲ.

ಇಸ್ಮಾಯಿಲಸಾಬ: ಇನ್ನೊಮ್ಮೆ ಹೇಳತೇನಿ, ಕೇಳು. ಸ್ವಿಚ್ಚು ನೀ ಅಂದಂಗ ಒಳಗ ಇರಲಿ, ನನ್ನದೇನೂ ತಕರಾರಿಲ್ಲ. ಅದರ ಗುಂಡಿಗೆ ಒಂದು ಸೈಕಲ್ ಸ್ಪೋಕು ಕಟ್ಟೂದು. ಸ್ಪೋಕಿನ ತುದಿ ರೆಕ್ಕಿ ಹಿಂದ, ಬೆನ್ನ ಮ್ಯಾಲ ಹೊರಗ. ನೀರು ಅಲ್ಲಿಗೆ ಹಾರೂದಿಲ್ಲ. ತೂತಿಗೆ ಸೈಕಲ್ಲಿನ ವಾಲ್‌ಟ್ಯೂಬ್ ಏರಿಸಿ ದಾರ ಸುತ್ತೂದು. ಜಗ್ಗಿದ್ರ ಚಾಲೂ, ದಬ್ಬಿದ್ರ ಬಂದ್. ನೀರೂ ಬರೂದಿಲ್ಲ, ಕೈಗೂ ಸಿಗತೈತಿ.

ನಿಜಗುಣಪ್ಪ: ಹೋದ ತಿಂಗಳೂ ‘ಕೈಗೆ ಸಿಗತೈತಿ’ ಅಂತ ಹೊಟ್ಟಿ ಮಗ್ಗಲಕ ಹೊರಗ ಇಟ್ಟಿ. ಕೈಗಿಂತ ಮೊದಲ ನೀರಿಗೆ ಸಿಕ್ತು.

ಇಸ್ಮಾಯಿಲಸಾಬ: ಆವಾಗ ತಪ್ಪಿದ್ದಕ್ಕ ಅಲ್ಲೇನ ಈಗ ಬೆನ್ನ ಮ್ಯಾಲ ಅನ್ನಾಕತ್ತಿದ್ದು? ಆ ಸೆಟ್ಟು ಒಣಗ್ಸಾಕ ಮೂರು ದಿವಸ ನನ್ನ ಹೇಂತಿ ಹಸೀನಾನ ರೊಟ್ಟಿ ಹಂಚಿನ ಮ್ಯಾಲ ಇಟ್ಟೆ. ಇವತ್ತಿಗೂ ರೊಟ್ಟಿ ಮುರದ್ರ ಬೆಸುಗೆ ವಾಸನಿ ಬರತೈತಿ.

ನಿಜಗುಣಪ್ಪ: ಅದಕ್ಕ ಹೇಳೂದು, ತೂತ ಬ್ಯಾಡ. ವಾಯುಸೇನಾದಾಗ ನಮ್ಮ ಫ್ಲೈಟ್ ಸಾರ್ಜಂಟ ಹೇಳತಿದ್ದ...

ಇಸ್ಮಾಯಿಲಸಾಬ: ಅವನ ವಿಮಾನದಾಗೂ ಬಾಗಲಾ ಇತ್ತಲ್ಲ? ಅದು ತೂತ ಅಲ್ಲೇನು?

ಅಷ್ಟರಲ್ಲಿ ಬುತ್ತಿಯ ಗಂಟು ಹಿಡಿದು ನಿಜಗುಣಪ್ಪನ ಹೆಂಡತಿ ಸುಂದರವ್ವ ಅಂಗಡಿಯ ಮೆಟ್ಟಿಲೇರಿದಳು. ಗಂಡನ ಕಡೆ ನೋಡದೆ, ನೇರ ಗೋಡೆಯ ಗಡಿಯಾರದ ಕಡೆ ನೋಡಿದಳು. ಇಸ್ಮಾಯಿಲಸಾಬನಿಗೆ ಸ್ವಲ್ಪ ಧೈರ್ಯ ಬಂತು. ಈ ಮನೆಯಲ್ಲಿ ಬುದ್ಧಿಯ ಪಾಲು ಯಾರ ಕಡೆ ಹೋಗಿದೆಯೆಂಬುದು ಅವನಿಗೆ ಮೊದಲಿಂದ ಗೊತ್ತಿತ್ತು.

ಸುಂದರವ್ವ: ಅಣ್ಣಾರ, ಇವತ್ತ ಶನಿವಾರ. ಒಂಬತ್ತರಿಂದ ಹತ್ತೂವರಿ ತನಕ ರಾಹುಕಾಲ. ಹತ್ತಕ್ಕ ಹಾರಸೂದು ಅಂತ ಯಾರು ಠರಾಯಿಸಿದ್ರು?

ನಿಜಗುಣಪ್ಪ: ಚೇರಮನ್‌ರು. ಅವರಿಗೆ ಹೇಳಲೇನು, ರಾಹು ರಜಾ ಕೊಡವಲ್ಲ ಅಂತ?

ಸುಂದರವ್ವ: ನಿಮಗ ಹಾಸ್ಯ. ನೌಕರಿ ಹೋದ್ರ ಮನ್ಯಾಗ ಕುಂತು ನಗೋಣಂತ.

ನಿಜಗುಣಪ್ಪ: ವಾಯುಸೇನಾದಾಗ ಹದಿನೈದು ವರ್ಷ ರಾಹುಕಾಲದಾಗ ವಿಮಾನ ಹಾರಿದ್ದು ಕಂಡೇನಿ.

ಸುಂದರವ್ವ: ಅದಕ್ಕ ಹದಿನೈದು ವರ್ಷ ಅವರು ನಿಮ್ಮನ್ನ ಅದರ ಕೆಳಗ ಕುಂಡ್ರಿಸಿದ್ರು, ಮ್ಯಾಲ ಹತ್ತಸಲಿಲ್ಲ.

ಇಸ್ಮಾಯಿಲಸಾಬ ಕೆಮ್ಮಿನ ನೆಪ ಮಾಡಿ ನಕ್ಕ. ಆ ನಗೆಗೆ ಅಂದು ಮಧ್ಯಾಹ್ನದವರೆಗೂ ಅಳಬೇಕಾದೀತೆಂದು ಅವನಿಗೆ ತಿಳಿಯಲಿಲ್ಲ.

ಸುಂದರವ್ವ: ನಮ್ಮಪ್ಪ ರಾಮದುರ್ಗದ ಸಂತಿಗೆ ಹೊಂಟಾಗ ವ್ಯಾಳ್ಯಾ ಕೂಡಿ ಬರಲಿಲ್ಲ ಅಂದ್ರ, ಚಲೋ ಗಳಿಗ್ಯಾಗ ತನ್ನ ಚೀಲ ಒಯ್ದು ಮಗ್ಗಲ ಮನಿ ಕಟ್ಟಿ ಮ್ಯಾಲ ಇಟ್ಟು ಬರತಿದ್ದ. ಪ್ರಸ್ಥಾನ ಇಟ್ಟಂಗಾತು. ಚೀಲ ಹೊಂಟಿತು ಅಂದ್ರ ಮನಷ್ಯಾ ಹೊಂಟಂಗ. ಆಮ್ಯಾಲ ಯಾವಾಗ ಹೋದ್ರೂ ನಡೀತೈತಿ. ಹಂಗ ಇದಕ್ಕೂ ಒಂಬತ್ತರೊಳಗ ಒಂದು ಪ್ರಸ್ಥಾನ ಇಡ್ರಿ.

ನಿಜಗುಣಪ್ಪ: ವಿಮಾನಕ್ಕೆಂಥಾ ಚೀಲ?

ಸುಂದರವ್ವ: ಚೀಲ ಯಾಕ? ಅದರ ಸ್ವಿಚ್ಚ ಚಾಲೂ ಮಾಡ್ರಿ. ಸ್ವಿಚ್ಚ ಚಾಲೂ ಆತಂದ್ರ ವಿಮಾನ ಹೊಂಟಂಗ ಅಲ್ಲ?

ನಿಜಗುಣಪ್ಪನ ಮುಖ ಅರಳಿತು. ಹೆಂಡತಿಯ ಶಾಸ್ತ್ರವನ್ನು ಆತ ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಪ್ಪಿದವನಲ್ಲ. ಆದರೆ ಇಂದು ಆ ಶಾಸ್ತ್ರ ತನ್ನ ಮೇಣದ ಪಕ್ಷಕ್ಕೆ ಬಂದು ನಿಂತಿತ್ತು.

ನಿಜಗುಣಪ್ಪ: ಕೇಳಿದೇನಲೇ? ಈಗ ಚಾಲೂ ಮಾಡೂದು, ಈಗ ಮುಚ್ಚೂದು. ಮೇಣ ಆರಾಕನೂ ವ್ಯಾಳ್ಯಾ ಸಿಗತೈತಿ. ಶಾಸ್ತ್ರನೂ ನನ್ನ ಕಡೆ ಐತಿ.

ಇಸ್ಮಾಯಿಲಸಾಬ: ತಂಗೆವ್ವಾ, ನಿನ್ನ ರಾಹುಕಾಲಕ್ಕ ನಾ ಅಡ್ಡ ಬರೂದಿಲ್ಲ. ಆದ್ರ ಸೆಲ್ಲಿಗೂ ಒಂದು ಕಾಲ ಐತಿ. ಒಳಗಿನ ನಾಕು ಸೆಲ್ಲು ಸುಮ್ನ ಚಾಲೂ ಇದ್ರೂ ಮೂರು ತಾಸಿನ ಮ್ಯಾಲ ಬಾಳೂದಿಲ್ಲ.

ನಿಜಗುಣಪ್ಪ: ಎಂಟೂವರಿಗೆ ಚಾಲೂ. ಹತ್ತಕ್ಕ ಹಾರಸೂದು. ಒಂದೂವರಿ ತಾಸು. ಲೆಕ್ಕಾ ಬರೂದಿಲ್ಲೇನು ನಿನಗ?

ಇಸ್ಮಾಯಿಲಸಾಬ: ನನಗ ಲೆಕ್ಕಾ ಬರತೈತಿ. ಶಟ್ಟೆಪ್ಪನವರಿಗೆ ಗಡಿಯಾರ ಬರತೈತೇನು? ತಮ್ಮ ಲಗ್ನಕ್ಕ ಮರುದಿನ ಹೋದ ಮನಷ್ಯಾ ಅವರು.

ಸುಂದರವ್ವ: ನೌಕರಿ ಕೊಡಾವ್ರು ಹೊತ್ತಿಗೆ ಬರತಾರ್ರಿ ಅಣ್ಣಾರ. ಶುಭದ ವ್ಯಾಳೇದಾಗ ಅಪಶಕುನ ಮಾತಾಡಬ್ಯಾಡ್ರಿ.

ಹೀಗೆ ಅಪಶಕುನದವನೆಂಬ ಹೆಸರೂ ಹೊತ್ತುಕೊಂಡು ಇಸ್ಮಾಯಿಲಸಾಬ ಮೇಣ ಕಾಯಿಸಲು ಒಲೆ ಹೊತ್ತಿಸಿದ. ಎಂಟೂವರೆಗೆ ಸರಿಯಾಗಿ ಸುಂದರವ್ವ ವಿಮಾನದ ಮೂಗಿಗೆ ವಿಭೂತಿ ಹಚ್ಚಿದಳು. ನಿಜಗುಣಪ್ಪ ಸ್ವಿಚ್ಚು ಒತ್ತಿದ. ಬಾಲದ ಚುಕ್ಕಾಣಿ ಕುಣಿದು ಪ್ರಸ್ಥಾನಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಎಂಟು ಸ್ಕ್ರೂ, ಟ್ಯೂಬಿನ ಪಟ್ಟಿ, ಕಾಯಿಸಿದ ಮೇಣ. ಇಷ್ಟು ಮುಗಿಯುವಾಗ ಇಸ್ಮಾಯಿಲಸಾಬ ಒಳಗೊಳಗೇ ಸೆಲ್ಲುಗಳಿಗೆ, ಸತ್ತವರಿಗೆ ಓದುವಂತೆ, ಫಾತಿಹಾ ಓದಿ ಮುಗಿಸಿದ್ದ.

ಸುಂದರವ್ವ ಬುತ್ತಿ ಕೊಟ್ಟು ಮನೆಗೆ ಹೋದಳು. ಗೆಳೆಯರಿಬ್ಬರೂ ಹತ್ತಿದ ಮನೋಳಿ ಬಸ್ಸಿನಲ್ಲಿ ಕಂಡಕ್ಟರು ಇದು ಲಗೇಜು ಎಂದ. ನಿಜಗುಣಪ್ಪ ಇದು ವಿಮಾನ ಎಂದ. ವಿಮಾನಕ್ಕೆ ಬಸ್ಸು ಯಾಕೆ ಬೇಕೆಂದು ಕಂಡಕ್ಟರು ಕೇಳಿದ ಮೇಲೆ ಇಬ್ಬರೂ ಕೂಡಿ ಲಗೇಜಿನ ದುಡ್ಡು ಕೊಟ್ಟರು. ಆಣೆಕಟ್ಟಿನ ಕ್ರಾಸಿನಲ್ಲಿ ಇಳಿದು, ವಿಮಾನವನ್ನು ಕೂಸಿನಂತೆ ಎತ್ತಿಕೊಂಡು ಹಿನ್ನೀರಿನ ದಂಡೆಗೆ ಬಂದಾಗ ಹತ್ತಕ್ಕೆ ಐದು ನಿಮಿಷವಿತ್ತು. ದಂಡೆಯ ಮೇಲೆ ಎರಡು ಎಮ್ಮೆಗಳು ಬಿಟ್ಟರೆ ಯಾರೂ ಇರಲಿಲ್ಲ.

ಹತ್ತಾಯಿತು. ಹನ್ನೊಂದಾಯಿತು.

ಇಸ್ಮಾಯಿಲಸಾಬ: ಲೇ ನಿಜಗುಣಿ, ಈಗರ ಮೇಣ ಒಡಿ. ಬಂದ್ ಮಾಡೋಣು. ಅವರ ಜೀಪು ಕಂಡ ಮ್ಯಾಲ ಚಾಲೂ ಮಾಡೋಣು.

ನಿಜಗುಣಪ್ಪ: ಮೇಣ ಒಡದ್ರ ಹೊಳ್ಳಿ ಕಾಸಾಕ ಒಲಿ ಎಲ್ಲೈತಿ? ಈ ಎಮ್ಮಿ ಬೆನ್ನ ಮ್ಯಾಲ ಕಾಸಲೇನು?

ಇಸ್ಮಾಯಿಲಸಾಬ: ಹಂಗಾರ ಒಮ್ಮೆ ಕೋಲರ ತಿರುವು. ಚುಕ್ಕಾಣಿಗೆ ಜೀವ ಐತೋ ಇಲ್ಲೋ ನೋಡೋಣು.

ನಿಜಗುಣಪ್ಪ: ತಿರುವಿದಷ್ಟೂ ಸೆಲ್ಲು ಖರ್ಚು. ಸುಮ್ನ ಕೂಡು.

ಇಸ್ಮಾಯಿಲಸಾಬ: ತಿರುವಿದ್ರ ಖರ್ಚು, ತಿರುವದಿದ್ರೂ ಖರ್ಚು. ಬಂದ್ ಮಾಡೂಣ ಅಂದ್ರ ಒಲಿ ಇಲ್ಲ. ನೀರು ಒಳಗ ಹೋಗದಂಗ ಮಾಡಿದಿ, ಅದನ್ನ ಒಪ್ಪತೇನಿ. ನಾವೂ ಒಳಗ ಹೋಗದಂಗ ಮಾಡಿದೆಲ್ಲೋ!

ನಿಜಗುಣಪ್ಪ: ಮಾತು ಬ್ಯಾಡ. ಬುತ್ತಿ ಬಿಚ್ಚು.

ಹನ್ನೆರಡಕ್ಕೆ ಬುತ್ತಿ ಮುಗಿಯಿತು. ಎಮ್ಮೆಗಳೂ ಬೇಸತ್ತು ಎದ್ದು ಹೋದವು. ಒಂದು ಗಂಟೆ ದಾಟಿದ ಮೇಲೆ ಧೂಳೆಬ್ಬಿಸುತ್ತ ಜೀಪು ಬಂತು. ಚೇರಮನ್ ಶಟ್ಟೆಪ್ಪನವರು ಕಮಿಟಿಯ ನಾಲ್ವರೊಂದಿಗೆ ಇಳಿದು, ನಿಧಾನವಾಗಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಶಟ್ಟೆಪ್ಪ: ಹತ್ತಕ್ಕ ಅಂದಿದ್ನೇನಪಾ? ಊಟಾ ಮುಗಿಸಿಕೊಂಡ ಬಂದೆ. ಹಸಗೊಂಡು ಮ್ಯಾಲ ನೋಡಿದ್ರ ತಲಿ ತಿರಗತೈತಿ. ಹೂಂ, ನಡೀಲಿ. ನನಗ ಕಿತ್ತೂರಾಗ ಮೂರಕ್ಕ ಇನ್ನೊಂದು ಮೀಟಿಂಗೈತಿ.

ಆ ಮೂರರ ಮೀಟಿಂಗಿನವರ ಗತಿ ನೆನೆದು ಇಸ್ಮಾಯಿಲಸಾಬ ಮರುಗಿದ. ಆಮೇಲೆ ಪಾಯಜಾಮ ಮೊಣಕಾಲಿನವರೆಗೆ ಮಡಚಿ, ವಿಮಾನ ಹಿಡಿದು ನೀರಿಗಿಳಿದ. ನಿಜಗುಣಪ್ಪ ಬಂದು ಪಂಖಾ ತಿರುವಿದ. ನಾಲ್ಕನೆಯ ಸಲಕ್ಕೆ ಇಂಜಿನ್ನು ಹತ್ತಿತು. ಅದಕ್ಕೆ ಸೆಲ್ಲಿನ ಹಂಗಿಲ್ಲ, ತನ್ನ ಎಣ್ಣೆ ತಾನು ಕುಡಿದು ತಾನು ಕಿರುಚುವ ಜಾತಿ. ನಿಜಗುಣಪ್ಪ ದಂಡೆಗೆ ಮರಳಿ, ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ಎದೆ ಸೆಟೆಸಿ, ಕೋಲನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮಾಡಿ ತೋರಿಸಿದ.

ಇಸ್ಮಾಯಿಲಸಾಬನ ಕಣ್ಣು ಬಾಲದ ಮೇಲಿತ್ತು. ಚುಕ್ಕಾಣಿ ಅಲುಗಲಿಲ್ಲ. ಕೂದಲೆಳೆಯಷ್ಟು ಎಡಕ್ಕೆ ಹೊರಳಿ, ಹಾಗೇ ಸತ್ತು ಕೂತಿತ್ತು. ಒಳಗಿನ ಸೆಲ್ಲು ಹನ್ನೊಂದಕ್ಕೋ ಹನ್ನೆರಡಕ್ಕೋ ಪ್ರಾಣ ಬಿಟ್ಟಿರಬೇಕು.

ಬಾಯಿ ತೆರೆದರೆ ಎರಡು ತಿಂಗಳ ಜಗಳ ಗೆದ್ದಂತೆ. ಐದು ಜನ ದೊಡ್ಡ ಮನುಷ್ಯರ ಎದುರಿಗೆ, ಸ್ವಿಚ್ಚು ಕೈಗೆ ಸಿಗುವಲ್ಲಿ ಇರಬೇಕಿತ್ತೆಂದು ಸಾಬೀತಾದಂತೆ. ಆದರೆ ಆಮೇಲೆ? ಶಟ್ಟೆಪ್ಪನವರು ಜೀಪು ಹತ್ತುತ್ತಾರೆ. ನಿಜಗುಣಪ್ಪ ಬಸ್ಸು ಹತ್ತುತ್ತಾನೆ, ಸವದತ್ತಿಯಲ್ಲಿ ಇಳಿಯುತ್ತಾನೆ, ಮತ್ತೆ ಅದೇ ಬಾಕಿನ ಮೇಲೆ ಕೂರುತ್ತಾನೆ. ಈ ಸಲ ಎದ್ದೇಳಲಿಕ್ಕೆ ಕಾರಣವೂ ಇರುವುದಿಲ್ಲ. ಸಾಯುವತನಕ ಗೆದ್ದವನಾಗಿ ಆ ಮುಖ ನೋಡುತ್ತ ಕೂರುವುದಕ್ಕಿಂತ ಒಂದು ಸಲ ಸೋಲುವುದು ಸಾವಿರ ಪಾಲು ಲೇಸು.

ಶಟ್ಟೆಪ್ಪ: ಸಾಬರ, ಅದನ್ನೇನು ಮುದ್ದ ಮಾಡಾಕತ್ತೀರಿ? ಬಿಡ್ರಿ!

ಇಸ್ಮಾಯಿಲಸಾಬ: ಯಾ ಅಲ್ಲಾ, ಇನ್ನ ನಿನ್ನ ಕೈಯಾಗೈತಿ. ಇವನ ಕೈಯಾಗಂತೂ ಏನೂ ಇಲ್ಲ.

ಬಿಟ್ಟ. ವಿಮಾನ ನೀರನ್ನು ಸೀಳಿಕೊಂಡು ಓಡಿತು, ಎರಡು ಸಲ ಜಿಗಿಯಿತು, ಎದ್ದಿತು. ಕಮಿಟಿಯ ನಾಲ್ವರೂ ಕೂಡಿ “ಹೋ” ಎಂದರು. ಚುಕ್ಕಾಣಿ ತುಸು ಎಡಕ್ಕೆ ಸತ್ತಿದ್ದರಿಂದ ವಿಮಾನ ತನ್ನ ಪಾಡಿಗೆ ಎಡಕ್ಕೆ ವಾಲಿ, ಹಿನ್ನೀರಿನ ಮೇಲೆ ದೊಡ್ಡದೊಂದು ಸುತ್ತು ಹಾಕತೊಡಗಿತು. ಅದು ತಿರುಗಿದ ಮೇಲೆ ನಿಜಗುಣಪ್ಪ ಕೋಲು ತಿರುಗಿಸುತ್ತಿದ್ದ. ತಿರುಗಿಸಿ, ನೋಡಿದಿರಾ ಎಂಬಂತೆ ಚೇರಮನ್‌ರ ಕಡೆ ನೋಡುತ್ತಿದ್ದ. ಆ ಮುಖದಲ್ಲಿ ಕಪಟದ ಲವಲೇಶವಿರಲಿಲ್ಲ. ಹಾರಿಸುತ್ತಿರುವವನು ತಾನೇ ಎಂದು ಅವನು ಮನಸಾರೆ ನಂಬಿದ್ದ.

ಶಟ್ಟೆಪ್ಪ: ಭಲೇ! ಎಷ್ಟ ಚಂದ ಎಡಕ್ಕ ಹೊಳ್ಳಿತು ನೋಡ್ರಿ. ಈಗೊಮ್ಮೆ ಬಲಕ್ಕ ಹೊಳ್ಳಸು.

ನೀರಿನಲ್ಲಿ ನಿಂತಿದ್ದ ಇಸ್ಮಾಯಿಲಸಾಬನಿಗೆ ಮೊಣಕಾಲಿನ ಮೇಲೂ ತಣ್ಣಗಾಯಿತು. ನಿಜಗುಣಪ್ಪ ಠೀವಿಯಿಂದ ಕೋಲು ಬಲಕ್ಕೆ ದೂಡಿದ. ವಿಮಾನ ಎಡಕ್ಕೆ ಹೋಯಿತು.

ಶಟ್ಟೆಪ್ಪ: ಬಲಕ್ಕ ಅಂದೆ.

ನಿಜಗುಣಪ್ಪ: ಬಲಕ್ಕ ಮಾಡೇನ್ರಿ. ಅದು... ಇಸ್ಮಾಯಿಲಾ?

ಇಸ್ಮಾಯಿಲಸಾಬ: ಸಾಹೇಬ್ರ, ಅದು ನಮ್ಮ ಎದುರಿಗೆ ಬರಾಕತ್ತೈತಿ. ಎದುರಿಗೆ ಬರೂದರ ಬಲ ನಮ್ಮ ಎಡ ಅಲ್ಲೇನ್ರಿ? ನೀವು ಕನ್ನಡಿ ಮುಂದ ಕ್ರಾಪ ತಗೀತೀರಲ್ಲ, ಹಂಗ.

ಶಟ್ಟೆಪ್ಪ: ಹೌದ ಹೌದು. ನನಗ ಗೊತ್ತಿತ್ತು. ಕಮಿಟಿಯವರಿಗೆ ತಿಳೀಲಿ ಅಂತ ಕೇಳಿದೆ.

ಕಮಿಟಿಯವರು ತಿಳಿದಂತೆ ತಲೆಯಾಡಿಸಿದರು. ವಿಮಾನ ಬೆನ್ನು ತೋರಿಸಿ ಮತ್ತೆ ಎಡಕ್ಕೇ ಹೊರಳುವುದರೊಳಗೆ ಇಂಜಿನ್ನು ಎಣ್ಣೆ ಮುಗಿದು ಸುಮ್ಮನಾಯಿತು. ಆಮೇಲೆ ಅದು ಗಾಳಿಯ ಮೇಲೆ ಜಾರುತ್ತ ಜಾರುತ್ತ ಬಂದು, ನೀರನ್ನು ಮುಟ್ಟಿ, ಬಾತುಕೋಳಿಯಂತೆ ಕೂತು, ಅಲೆಯ ಜೊತೆ ದಂಡೆಯ ಕಡೆ ಬಂತು. ಇಸ್ಮಾಯಿಲಸಾಬ ಅದನ್ನು ಎತ್ತಿಕೊಂಡು ದಂಡೆಗೆ ಬಂದ. ದಂಡೆಯ ಮೇಲೆ ಚಪ್ಪಾಳೆ ಬಿತ್ತು.

ಶಟ್ಟೆಪ್ಪ: ಮೆಚ್ಚಿದೆ! ಹೋದದ್ದಷ್ಟ ಅಲ್ಲ, ಹೇಳಿದಲ್ಲಿಗೆ ಹೊಳ್ಳಿ ಬಂತಲ್ಲ. ನಮ್ಮ ಸಾಲ್ಯಾಗ ಇಂಟರವಲ್ಲಿಗೆ ಬಿಟ್ಟ ಹುಡುಗೂರೂ ಹಿಂಗ ಹೊಳ್ಳಿ ಬರೂದಿಲ್ಲ.

ಇಲ್ಲಿಗೆ ನಿಜಗುಣಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಗೆದ್ದ ಮನುಷ್ಯನ ಬಾಯಿಗೆ ಮೇಣ ಹಚ್ಚುವವರು ಯಾರು?

ನಿಜಗುಣಪ್ಪ: ಇದರ ಗುಟ್ಟೇನು ಹೇಳ್ರಿ ಸಾಹೇಬ್ರ? ಸ್ವಿಚ್ಚು. ಸ್ವಿಚ್ಚು ಎಲ್ಲಿ ಇಡಬೇಕು ಅನ್ನೂದ ವಿದ್ಯಾ. ಒಳಗ ಇಟ್ಟು ಮುಚ್ಚಿಬಿಡಬೇಕು. ನಮ್ಮ ಇಸ್ಮಾಯಿಲಾ ಹೊರಗ ಇಡೂಣು ಅಂತಿದ್ದ.

ಇಸ್ಮಾಯಿಲಸಾಬ ಹಲ್ಲು ಕಚ್ಚಿ ಬಾಕನ್ನು ನೆನೆದ.

ನಿಜಗುಣಪ್ಪ: ಪಾಪ, ಅವಗೇನು ಗೊತ್ತು? ರೇಡಿಯೋದ ಮಂದಿ. ಗುಂಡಿ ತಿರುವಿದ್ರ ಹಾಡಬೇಕು, ಅಷ್ಟ ಅವರ ತಲಿ.

ಇಸ್ಮಾಯಿಲಸಾಬ ಮತ್ತೊಮ್ಮೆ ಬಾಕನ್ನು ನೆನೆದ. ಈ ಸಲ ಅದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ನಿಜಗುಣಪ್ಪ: ಇವನ ಮಾತ ಕೇಳಿದ್ರ ಇವತ್ತ ಸೆಲ್ಲು ಸತ್ತು, ಚುಕ್ಕಾಣಿ ನಿಂತು, ನಿಮ್ಮ ಮುಂದ ನನ್ನ ಮಾನ ಹೋಗತಿತ್ತು.

ಇಸ್ಮಾಯಿಲಸಾಬ: ಲೇ! ಸೆಲ್ಲು ಸತ್ತಾವಲೇ! ಹಾರೂದಕ್ಕಿಂತ ಮೊದಲ ಸತ್ತಾವ! ನೀ ಹಾರಿಸಿಲ್ಲ, ಅದು ತಾನ ಹಾರೇತಿ! ನಿನ್ನ ಕೈಯಾಗಿನ ಕೋಲು ಮಜ್ಜಿಗಿ ಕಡಿಯಾಕ ಹಿಡದಂಗಿತ್ತು!

ಹೇಳಿದ ಮೇಲೆ ಅವನಿಗೇ ದಿಗಿಲಾಯಿತು. ಆದರೆ ಬಾಯಿಂದ ಹೊರಟ ಮಾತು ಬಸ್ಸಿನಲ್ಲಿ ಮರೆತುಬಂದ ಲಗೇಜಲ್ಲ, ಹಿಂದಕ್ಕೆ ತರಿಸಲಿಕ್ಕೆ. ಚೇರಮನ್‌ರು ಎಲೆಯಡಿಕೆ ಉಗುಳಿ ಹತ್ತಿರ ಬಂದರು.

ಶಟ್ಟೆಪ್ಪ: ತಗೀರಿ. ನೋಡೂಣು.

ಎಂಟು ಸ್ಕ್ರೂ ಬಿಚ್ಚಿ, ಮೇಣ ಕೆರೆದು, ಪಟ್ಟಿ ಕಿತ್ತು ತೆಗೆಯುವುದಕ್ಕೆ ಕಾಲು ತಾಸು ಹಿಡಿಯಿತು. ಒಳಗೆ ಹೊಟ್ಟೆ ಒಣಾ ಒಣ, ಒಂದು ಹನಿ ನೀರಿಲ್ಲ. ಇಸ್ಮಾಯಿಲಸಾಬ ಕಿಸೆಯಲ್ಲಿದ್ದ ಬ್ಯಾಟರಿ ಬಲ್ಬನ್ನು ಸೆಲ್ಲಿಗೆ ಹಚ್ಚಿದ. ಹತ್ತಲಿಲ್ಲ. ಇನ್ನೊಂದಕ್ಕೆ ಹಚ್ಚಿದ. ಅದಕ್ಕೂ ಹತ್ತಲಿಲ್ಲ. ನಿಜಗುಣಪ್ಪ ಆ ಬಲ್ಬನ್ನೇ ನೋಡುತ್ತ ನಿಂತ. ಹದಿನೈದು ವರ್ಷ ಬೇರೆಯವರು ಹಾರಿಸುವ ವಿಮಾನಗಳ ಬೋಲ್ಟು ಬಿಗಿದವನು ಇವತ್ತು ಮೂರು ನಿಮಿಷ ತಾನೇ ಹಾರಿಸಿದ್ದೇನೆಂದು ತಿಳಿದಿದ್ದ. ಅವನ ಮುಖ ನೋಡಿ ಇಸ್ಮಾಯಿಲಸಾಬ ಬಲ್ಬನ್ನು ತಟ್ಟನೆ ಕಿಸೆಗೆ ಹಾಕಿಕೊಂಡ. ಗೆದ್ದೆನೆಂಬ ಸುಖ ಅವನಿಗೆ ಒಂದು ಗುಟುಕೂ ಇಳಿಯಲಿಲ್ಲ.

ನಿಜಗುಣಪ್ಪ: ಹಂಗಾರ... ನಾ ಎಡಕ್ಕ ಮಾಡಿದಾಗ ಎಡಕ್ಕ ಹೋತಲ್ಲೋ?

ಇಸ್ಮಾಯಿಲಸಾಬ: ಅದು ಎಡಕ್ಕ ಹೋದಾಗ ನೀ ಎಡಕ್ಕ ಮಾಡಿದಿ.

ಶಟ್ಟೆಪ್ಪ: ಅಂದ್ರ, ಒಳಗ ದಮ್ಮಿಲ್ಲ. ಕೋಲಿಗೂ ಅದಕ್ಕೂ ಸಂಬಂಧ ಇಲ್ಲ. ಅದು ತನ್ನ ಪಾಡಿಗೆ ಸುತ್ತಿ ತನ್ನ ಪಾಡಿಗೆ ಇಳೀತು. ಇವ ಕೋಲ ಹಿಡಕೊಂಡು, ಎದಿ ಉಬ್ಬಿಸಿ, ‘ನಾ ನಡಸಾಕತ್ತೇನಿ’ ಅಂತ ನಿಂತಿದ್ದ. ಹೌದಿಲ್ಲೋ?

ಇಸ್ಮಾಯಿಲಸಾಬ: ...ಹೌದ್ರಿ.

ಶಟ್ಟೆಪ್ಪ: ಹನ್ನೊಂದು ವರ್ಷದಿಂದ ನಾ ಸಾಲಿ ಚೇರಮನ್ ಅದೇನಿ. ಸಾಲಿ ನಡಸೂದು ಅಂದ್ರ ಮತ್ತೇನಂತ ತಿಳಿದೀರಿ? ಈ ನಿಲುವು ಕಲಿಯಾಕ ನನಗ ಆರು ವರ್ಷ ಹಿಡೀತು. ಇವಗ ಹುಟ್ಟಾ ಬಂದೇತಿ! ಲೇ ನಿಜಗುಣಪ್ಪಾ, ಸೋಮವಾರದಿಂದ ಕೆಲಸಕ್ಕ ಬಾ.

ಕಮಿಟಿಯವರು ನಕ್ಕರು, ಚೇರಮನ್‌ರು ನಗಲಿಲ್ಲವೆಂದು ನೋಡಿ ನಿಲ್ಲಿಸಿದರು. ನಿಜಗುಣಪ್ಪನ ಕಣ್ಣು ತುಂಬಿ ಬಂತು. ಇಸ್ಮಾಯಿಲಸಾಬನಿಗೋ ಎರಡೂ ಕೈಯಲ್ಲಿ ಲಡ್ಡು. ಜಗಳವೂ ಗೆದ್ದಾಯಿತು, ಬಾಕೂ ಖಾಲಿಯಾಯಿತು. ಸೋಮವಾರ ಮುಂಜಾನೆ ಅದನ್ನು ತೊಳೆದು, ಹೊಸ ಬಣ್ಣ ಹೊಡೆದು, ಮೊದಲ ಗಿರಾಕಿಯನ್ನು ಕೈಹಿಡಿದು ಕೂರಿಸಬೇಕೆಂದು ಅವನು ಅಲ್ಲೇ ನಿಶ್ಚಯಿಸಿದ. ಚೇರಮನ್‌ರು ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

ಶಟ್ಟೆಪ್ಪ: ಹಾಂ, ಒಂದು ಮಾತು. ಸಾಲ್ಯಾಗ ಕೈಕೆಲಸದ ರೂಮು ಖಾಲಿ ಇಲ್ಲ. ಅದರಾಗ ಬಿತ್ತುವ ಬೀಜ ಇಟ್ಟೇನಿ. ಸಾಬರ ಅಂಗಡ್ಯಾಗ ಸಾಮಾನು, ಮೇಜು, ಬಾಕು ಎಲ್ಲಾ ಅದಾವಂತ ಇವನ ಹೇಳ್ಯಾನ. ಒಂಬತ್ತನೇ ಕ್ಲಾಸಿನ ನಲವತ್ತೆರಡು ಹುಡುಗೂರು. ದಿನಾ ಕರಕೊಂಡು ಅಲ್ಲೇ ಬರಲಿ.

ನಿಜಗುಣಪ್ಪ: ನಾ ಮೊದಲ ಹೇಳೇನಲ್ರಿ ಸಾಹೇಬ್ರ, ನನ್ನ ದೋಸ್ತ ಯಾವುದಕ್ಕೂ ಇಲ್ಲ ಅನ್ನೂದಿಲ್ಲ ಅಂತ!

ಇಸ್ಮಾಯಿಲಸಾಬ ಓಡಿ ಹೋಗಿ ಜೀಪಿನ ಬಾಗಿಲು ಹಿಡಿದುಕೊಂಡ.

ಇಸ್ಮಾಯಿಲಸಾಬ: ಸಾಹೇಬ್ರ, ಅವಸರ ಮಾಡಬ್ಯಾಡ್ರಿ, ಇಳೀರಿ! ಇನ್ನೊಮ್ಮೆ ಹಾರಿಸಿ ತೋರಸತೇವಿ. ಈ ಸಲ ಖರೇನ ಮುಳಗತೈತ್ರಿ, ನನ್ನ ಮಾತ ನಂಬ್ರಿ!